ನಾಯಿಗೆ ಮುದ್ದೆ ಹಾಕಬಹುದಾ? ಸಂಜೆ ಪಶುವೈದ್ಯರ ಜೊತೆ ಪ್ರಶ್ನೋತ್ತರ

ಮದ್ದೂರು ಹುಡುಗ: ಸಾರ್, 'ನಾಯಿ ಅಂದ್ರೆ ತೋಳ, ಹಸಿ ಮಾಂಸ ಬಿಟ್ಟು ಬೇರೇನೂ ಹಾಕ್ಬೇಡಿ' ಅಂತ ಫಾರ್ವರ್ಡ್ ಬಂದದೆ. ನಮ್ಮ ಕರಿಯ ಹನ್ನೊಂದು ವರ್ಸದಿಂದ ಮುದ್ದೆ ತಿಂತಾವ್ನೆ. ತಪ್ಪಾ?

ಡಾಕ್ಟರ್: ತಪ್ಪಿಲ್ಲ. ಪಿಷ್ಟ ಅರಗಿಸುವ ಒಂದು ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇದೆ ಅಂತ 2013ರಲ್ಲೇ ಗೊತ್ತಾಗಿದೆ. ನಾವು ಬೇಸಾಯ ಹಿಡಿದ ಮೇಲೆ ನಮ್ಮ ಎಂಜಲು ಅರಗಿಸಿಕೊಂಡವು ಉಳಿದವು. ಜೊತೆಗೆ ಮೊಟ್ಟೆ, ಮಾಂಸ ಇರಲಿ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು ಬೇಡ.

ವೈಟ್‌ಫೀಲ್ಡ್ ಟೆಕ್ಕಿ: ನನ್ನ ಹಸ್ಕಿಗೆ ಅನ್ನ ಹಾಕಿದ್ರೆ ಭೇದಿ. ಇದಕ್ಕೇನಂತೀರಾ?

ಡಾಕ್ಟರ್: ಹಸ್ಕಿ, ಆಸ್ಟ್ರೇಲಿಯಾದ ಕಾಡುನಾಯಿ ಡಿಂಗೋ, ಇವುಗಳಲ್ಲಿ ಆ ಜೀನ್ ಪ್ರತಿಗಳು ಕಡಿಮೆ. ಅವುಗಳ ಜೊತೆ ಬಾಳಿದವರು ಹೊಲ ಉತ್ತವರಲ್ಲ. ಜಂತುಹುಳವೂ ಇರಬಹುದು, ಮಲ ಪರೀಕ್ಷೆ ಮಾಡಿಸಿ.

ಮುಧೋಳ ಮಂದಿ: ಹಿಮದಾಗಿನ ನಾಯಿ ತಂದು ಏಸಿಯೊಳಗ ಇಡೂದು, ಆಮ್ಯಾಲೆ ಭೇದಿ ಅಂತ ಅಳೂದು!

ವೈಟ್‌ಫೀಲ್ಡ್ ಟೆಕ್ಕಿ: ನನ್ನ ನಾಯಿ, ನನ್ನ ಕರೆಂಟ್ ಬಿಲ್.

ಶಿರಸಿ ಅಕ್ಕ: ಡಾಕ್ಟ್ರೇ, ನಾಲ್ಕೂವರೆ ತಿಂಗಳ ಮರಿ. ಕಣ್ಣು ಮೂಗಲ್ಲಿ ಕೀವು. ನಿನ್ನೆಯಿಂದ ಬಾಯಲ್ಲಿ ಏನೂ ಇಲ್ಲದೆ ದವಡೆ ಕಟಕಟ ಅಗಿಯುತ್ತೆ, ಜೊಲ್ಲು ಸುರಿಯುತ್ತೆ. ಬೆಳ್ಳುಳ್ಳಿ ರಸ ಹಾಕಿ ಅಂತ ಇನ್ನೊಂದು ಗ್ರೂಪಲ್ಲಿ ಹೇಳಿದ್ರು.

ಡಾಕ್ಟರ್: ಹಾಕಬೇಡಿ! ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ದವಡೆ ಹೀಗೆ ಆಡುವ ಮರಿಗೆ ಏನು ಸುರಿದರೂ ಶ್ವಾಸಕೋಶಕ್ಕೆ ಹೋಗಬಹುದು. ನಾಯಿಗಳಿಗೆ ಬರುವ ಡಿಸ್ಟೆಂಪರ್ ಅನ್ನೋ ವೈರಸ್ ಕಾಯಿಲೆ ಇದ್ದ ಹಾಗಿದೆ, ಆದರೆ ರೇಬೀಸ್ ಅಲ್ಲ ಅಂತ ಇಲ್ಲಿಂದ ಹೇಳಲಾರೆ. ಬರಿಗೈ ಬಾಯಿಗೆ ಹಾಕಬೇಡಿ. ಯಾರಿಗಾದರೂ ಕಚ್ಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಿ. ಬೇರೆ ನಾಯಿಗಳಿಂದ ದೂರ ಇಡಿ, ಬೆಚ್ಚಗಿಡಿ, ಈಗಲೇ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಡಿಸ್ಟೆಂಪರ್ ವೈರಸ್ ಕೊಲ್ಲುವ ಔಷಧಿ ಇಲ್ಲ, ಆರೈಕೆಯೇ ಎಲ್ಲ.

1914ರಲ್ಲಿ ಜರ್ಮನಿಯ ಬಾನ್ ಹತ್ತಿರ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆ ಹೂತ ನಾಯಿಮರಿಯ ಮೂಳೆ ಸಿಕ್ಕವು. ಸುಮಾರು 14,000 ವರ್ಷ ಹಳೆಯವು. ಹಲ್ಲಿನ ಎನಾಮೆಲ್‌ನಲ್ಲಿ ಗಾಯದ ಗೆರೆಗಳು. ಅದು ಡಿಸ್ಟೆಂಪರೇ ಇರಬೇಕು, ಐದನೇ ತಿಂಗಳ ಹೊತ್ತಿಗೆ ಬಂದಿರಬೇಕು ಅಂತ ಸಂಶೋಧಕರ ಮಾತು. ಮರಿ ಸತ್ತದ್ದು ಏಳನೇ ತಿಂಗಳಲ್ಲಿ. ಬೇಟೆಗೆ ಬಾರದ, ಕಾವಲಿಗೂ ಆಗದ ಮರಿಯನ್ನು ಯಾರೋ ಒರೆಸಿ, ನೀರು ಕೊಟ್ಟು, ಅಷ್ಟು ವಾರ ಉಳಿಸಿಕೊಂಡಿದ್ದಾರೆ.

ಲಸಿಕೆ ಎಷ್ಟು ಡೋಸ್ ಆಗಿದೆ?

ಟೀಚರಮ್ಮ: ತೋಳದ ಮರಿ ಕದ್ದು ತಂದು ಸಾಕಿದ್ದೋ, ಅವೇ ಬಂದವೋ?

ವೈಟ್‌ಫೀಲ್ಡ್ ಟೆಕ್ಕಿ: ಅವೇ ಬಂದವು. ಎಂಜಲಿಗೆ.

ಮುಧೋಳ ಮಂದಿ: 14,000 ವರ್ಷದ ಹಿಂದ ಹೊಲಾನೇ ಇರಲಿಲ್ಲಲ್ರೀ, ಎಂಜಲು ನಿಮ್ಮ ಅಪಾರ್ಟ್‌ಮೆಂಟಿಂದ ಬಂತೇನು?

ವೈಟ್‌ಫೀಲ್ಡ್ ಟೆಕ್ಕಿ: ಬೇಟೆಯ ಮೂಳೆನೂ ಎಂಜಲೇ. ಮೊದಲು ಓದಿ ಬನ್ನಿ.

ಮದ್ದೂರು ಹುಡುಗ: ನಮ್ಮ ಆತಕೂರಲ್ಲಿ ಹಂದಿ ಮೇಲೆ ಬಿದ್ದು ಸತ್ತ ಕಾಳಿ ಅನ್ನೋ ನಾಯಿಗೆ ಹತ್ತನೇ ಶತಮಾನದಲ್ಲೇ ಕಲ್ಲು ನಿಲ್ಸವ್ರೆ, ಪೂಜೆಗೆ ಭೂಮಿ ಬಿಟ್ಟವ್ರೆ. ನೀವಿಲ್ಲಿ ಎಂಜಲಿಗೆ ಕಿತ್ತಾಡ್ತಿದೀರಿ.

ಹೊಸ ಸದಸ್ಯ: ನಾಯಿಗೆ ಮುದ್ದೆ ಹಾಕ್ಬೋದಾ ಸರ್?

ಡಾಕ್ಟರ್: ಮೇಲೆ ಓದಿ.

ಟೀಚರಮ್ಮ: ನನ್ನ ಪ್ರಶ್ನೆ?

ತುಮಕೂರು ತಾತ: ಬೆಕ್ಕು ಯಾವಾಗ ಬಂತು ಸ್ವಾಮಿ?

ಡಾಕ್ಟರ್: ಶಿರಸಿ ಅಕ್ಕ, ಲಸಿಕೆ?? ಮಿಕ್ಕವರು ಸ್ವಲ್ಪ ಸುಮ್ಮನಿರಿ.

ಶಿರಸಿ ಅಕ್ಕ: ಒಂದೇ ಡೋಸ್ ಆಗಿತ್ತು. ಆಟೋ ಬಂತು, ಹೊರಟ್ವಿ.