ಪದಚರ್ಚೆ: ಕಾರ್ಖಾನೆಯ ಹಿಸ್ಟೋರಿಯನ್, ಟ್ಯಾಗ್‌ನ ಬೆಲೆ, ತೂಕದ ಸರಾಸರಿ

ಎಲ್ಲರಿಗೂ ನಮಸ್ಕಾರ.

ಒಂದು ಸಕ್ಕರೆ ಕಾರ್ಖಾನೆಯವರು ತಮ್ಮ ಕೋಜನರೇಷನ್ ಘಟಕಕ್ಕೆ (ಒಂದೇ ಸ್ಟೀಮ್‌ನಿಂದ ಕರೆಂಟು, ಕಾರ್ಖಾನೆಗೆ ಬೇಕಾದ ಶಾಖ ಎರಡನ್ನೂ ಪಡೆಯುವ ಜಾಗ) ಸಾಫ್ಟ್‌ವೇರ್ ಕೊಳ್ಳಲು ಹೊರಟಿದ್ದಾರೆ. ಬಾಯ್ಲರ್, ಟರ್ಬೈನ್‌ಗಳ ರೀಡಿಂಗ್‌ಗಳನ್ನು ಕೂಡಿಟ್ಟು, ಶಿಫ್ಟ್ ಮುಗಿದಾಗ ರಿಪೋರ್ಟ್ ತೆಗೆದುಕೊಡುವಂಥದ್ದು. ಯಾವುದು ಒಳ್ಳೆಯದು ಎಂದು ತೂಗಿ ನೋಡಲು ಒಂದು ಪ್ರಶ್ನೆಪಟ್ಟಿ ಇದೆ. ಅದನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿದೆ. ಓದುವವರು ಶಿಫ್ಟ್ ಇಂಜಿನಿಯರ್‌ಗಳು, ಬಾಯ್ಲರ್ ಅಟೆಂಡೆಂಟ್‌ಗಳು, ಲ್ಯಾಬ್ ಕೆಮಿಸ್ಟ್‌ಗಳು. ಟ್ಯಾಗ್ (ಒಂದೊಂದು ಅಳತೆಗೆ ಸಾಫ್ಟ್‌ವೇರ್‌ನಲ್ಲಿ ಕೊಟ್ಟ ಹೆಸರು), ಟ್ರೆಂಡ್, ಅಲಾರಂ, ಸ್ಕಾಡಾ, ಪಿಎಲ್‌ಸಿ (ಯಂತ್ರಗಳ ಮೇಲೆ ಕಣ್ಣಿಡುವ, ಅವನ್ನು ನಡೆಸುವ ಕಂಪ್ಯೂಟರ್ ವ್ಯವಸ್ಥೆಗಳು) ಇವನ್ನೆಲ್ಲ ನಾನು ಮುಟ್ಟಿಲ್ಲ. ಅವರು ದಿನಾ ಆಡುವ ಮಾತು ಅವೇ. ಸುಮ್ನೆ ಹೊಸ ಪದ ಹೇರುವುದು ಬೇಡ. ಆದರೆ ಕೆಲವು ಕಡೆ ತಪ್ಪು ಪದ ಬಿದ್ದರೆ ತಪ್ಪು ಸಾಮಾನೇ ಮನೆಗೆ ಬರುತ್ತದೆ. ಅಂಥವನ್ನು ಇಲ್ಲಿ ಇಡುತ್ತಿದ್ದೇನೆ.

ಇಂಥ ಸಾಫ್ಟ್‌ವೇರ್‌ಗೆ ಹಿಸ್ಟೋರಿಯನ್ ಅನ್ನುತ್ತಾರೆ. 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಓಎಸ್‌ಐಸಾಫ್ಟ್ ಕಂಪನಿಯ ಪಿಐ ಈ ಜಾತಿಯಲ್ಲಿ ಬಹಳ ಹೆಸರಾದದ್ದು. 2021ರಲ್ಲಿ ಆ ಕಂಪನಿಯನ್ನು ಅವೀವಾ ಕೊಂಡಿತು. ಜಿಇ ಕಂಪನಿಯ ಹೆಸರಿನಲ್ಲಿ ಬಂದ ಪ್ರಾಫಿಸಿ ಹಿಸ್ಟೋರಿಯನ್ ಕೂಡ ಇದೆ. 'ಇತಿಹಾಸಕಾರ' ಅಂತೂ ಆಗದು. ಇತಿಹಾಸಕಾರ ಅರ್ಥ ಹೇಳುವವನು, ಇದು ಬರೀ ಬರೆದಿಡುವಂಥದ್ದು. ಹಾಗೆ ನೋಡಿದರೆ ಊರಿನ ಶಾನುಭೋಗನೇ ಹತ್ತಿರ. 'ಕಡತ' ಅನ್ನೋಣವೇ ಎಂದೂ ಯೋಚಿಸಿದೆ. ಹಳೇ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಬಳಪದಲ್ಲಿ ಬರೆಯುತ್ತಿದ್ದದ್ದು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಇಲ್ಲಿ ಬೇಕಿರುವುದು ಅದಕ್ಕೆ ಉಲ್ಟಾ: ಯಾರಾದರೂ ಅಂಕಿ ತಿದ್ದಿದರೆ, ತಿದ್ದಿದ್ದು ಗೊತ್ತಾಗಬೇಕು. ಈಗಿನ ಅರ್ಥದಲ್ಲಿ ಕಡತ ಅಂದರೆ ಆಫೀಸಿನ ಫೈಲು. ಸದ್ಯಕ್ಕೆ 'ರೀಡಿಂಗ್ ಭಂಡಾರ' ಎಂದು ಬರೆದಿದ್ದೇನೆ. ಇದರ ಮೇಲೆ ನನಗೆ ಅಂಥ ಹಟವೇನಿಲ್ಲ.

ಇನ್ನು 'ವ್ಯಾಲ್ಯೂ' ಅನ್ನುವುದಕ್ಕೆ 'ಬೆಲೆ'. ಗಣಿತದ ಪುಸ್ತಕದಲ್ಲಿ 'ಎಕ್ಸ್‌ನ ಬೆಲೆ ಕಂಡುಹಿಡಿಯಿರಿ' ಎಂದು ಓದಿ ಬಂದವರು ನಾವು. ಅದೇ ರೂಢಿಯಲ್ಲಿ 'ಪ್ರತಿ ಟ್ಯಾಗ್‌ನ ಬೆಲೆ ಎಷ್ಟು ಕಾಲ ಉಳಿಯುತ್ತದೆ?' ಎಂದು ಬರೆದರೆ ಏನಾಗುತ್ತದೆ ನೋಡಿ. ಈ ಪೈಕಿ ಹಲವು ಸಾಫ್ಟ್‌ವೇರ್‌ಗಳಿಗೆ ಲೈಸನ್ಸ್ ದುಡ್ಡು ಟ್ಯಾಗ್ ಲೆಕ್ಕದಲ್ಲೇ ಇರುತ್ತದೆ. ಇಗ್ನಿಷನ್‌ನಂಥ ಕೆಲವು ಮಾತ್ರ ಸರ್ವರ್ ಲೆಕ್ಕ, ಟ್ಯಾಗ್ ಎಷ್ಟು ಬೇಕಾದರೂ ಹಾಕಿಕೊಳ್ಳಿ ಅನ್ನುತ್ತವೆ. ಹಾಗಾಗಿ ಓದಿದವರು ಕೊಟೇಷನ್ ಎಷ್ಟು ದಿನ ನಡೆಯುತ್ತದೆ ಎಂದುಕೊಳ್ಳುತ್ತಾರೆ. 'ಮೌಲ್ಯ' ಅಂದರೂ ಅದೇ ಗತಿ. ನಾನು ಎಲ್ಲ ಕಡೆ 'ರೀಡಿಂಗ್' ಎಂದೇ ಇಟ್ಟೆ.

'ಎಕ್ಸೆಪ್ಷನ್ ರಿಪೋರ್ಟಿಂಗ್' ಇನ್ನೂ ತಮಾಷೆಯದು. 2000 ಟ್ಯಾಗ್‌ಗಳನ್ನು ಸೆಕೆಂಡಿಗೊಮ್ಮೆ ಓದಿದರೆ ದಿನಕ್ಕೆ 17 ಕೋಟಿ 28 ಲಕ್ಷ ರೀಡಿಂಗ್ ಆಗುತ್ತವೆ. ಎಲ್ಲವನ್ನೂ ಬರೆದಿಡುವ ಅಗತ್ಯವಿಲ್ಲ. ಇಷ್ಟಕ್ಕಿಂತ ಜಾಸ್ತಿ ಬದಲಾದರೆ ಮಾತ್ರ ಕಳಿಸು ಎಂದು ಮಿತಿ ಹಾಕುತ್ತಾರೆ. ಪದಕೋಶ ತೆಗೆದರೆ 'ಅಪವಾದ ವರದಿ' ಅನ್ನುತ್ತದೆ. ಚೌತಿ ಚಂದ್ರನನ್ನು ನೋಡಿದರೆ ಬರುತ್ತದಲ್ಲ, ಆ ಅಪವಾದವೇ ನೆನಪಾಗುವುದು. ಶಿಫ್ಟ್‌ನಲ್ಲಿ ಯಾರ ಮೇಲೋ ದೂರು ಬರೆಯುವ ಸಾಫ್ಟ್‌ವೇರ್ ಎಂದುಕೊಂಡರೆ ಮುಗಿಯಿತು, ಒಬ್ಬರೂ ಒಪ್ಪುವುದಿಲ್ಲ. 'ಬದಲಾದಾಗ ಬರೆಯುವುದು' ಎಂದು ಬಿಡಿಸಿ ಬರೆದಿದ್ದೇನೆ.

ನಿಜವಾಗಿ ನಾನು ಸಿಕ್ಕಿಬಿದ್ದಿರುವುದು 'ಟೈಮ್ ವೇಟೆಡ್ ಆವರೇಜ್' ಹತ್ತಿರ. ರಿಪೋರ್ಟ್ ಸರಿ ಬರುತ್ತದೋ ಇಲ್ಲವೋ ಎಂಬುದು ಇದರ ಮೇಲೇ ನಿಂತಿದೆ. ಒಂದು ಗಂಟೆಯ ಸ್ಟೀಮ್ ಫ್ಲೋ ತೆಗೆದುಕೊಳ್ಳಿ. 50 ನಿಮಿಷ ಅದು ಗಂಟೆಗೆ 60 ಟನ್‌ನಲ್ಲೇ ನಿಂತಿತ್ತು. ಬದಲಾಗಲೇ ಇಲ್ಲವಾದ್ದರಿಂದ ಭಂಡಾರದಲ್ಲಿ ಉಳಿದದ್ದು ಮೊದಲಿನದು, ಕೊನೆಯದು, ಎರಡೇ ರೀಡಿಂಗ್. ಮಿಕ್ಕ 10 ನಿಮಿಷ 40ರ ಆಸುಪಾಸಿನಲ್ಲಿ ಏರಿಳಿಯಿತು. ನಿಮಿಷಕ್ಕೊಂದರಂತೆ 10 ರೀಡಿಂಗ್ ಬಿದ್ದವು. ಹನ್ನೆರಡನ್ನೂ ಕೂಡಿ ಹನ್ನೆರಡರಿಂದ ಭಾಗಿಸಿದರೆ ಸುಮಾರು 43 ಟನ್. ಯಾವ ರೀಡಿಂಗ್ ಎಷ್ಟು ಹೊತ್ತು ನಿಂತಿತ್ತು ಎಂದು ಲೆಕ್ಕ ಹಿಡಿದರೆ ಸುಮಾರು 57. ಬಗಾಸ್ (ಬಾಯ್ಲರ್‌ಗೆ ಉರುವಲಾಗುವ ಕಬ್ಬಿನ ಸಿಪ್ಪೆ) ಲೆಕ್ಕ ಮಾಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಹೆಸರಾದ ಹಿಸ್ಟೋರಿಯನ್‌ಗಳಲ್ಲಿ ಈ ಸವಲತ್ತು ಇದೆ. ಮಾಮೂಲಿ ಡೇಟಾಬೇಸ್‌ನಲ್ಲಿ ತುಂಬಿ ಮೇಲೊಂದು ರಿಪೋರ್ಟ್ ಹೊಲಿದುಕೊಟ್ಟರೆ ಅಲ್ಲಿ ಸಾದಾ ಸರಾಸರಿಯೇ ಬಂದುಬಿಡಬಹುದು. ಹಾಗಾಗಿ ಪ್ರಶ್ನೆಪಟ್ಟಿಯಲ್ಲಿ ಇದನ್ನು ಕೇಳಲೇಬೇಕು, ಮತ್ತು ಓದಿದವರಿಗೆ ತಕ್ಷಣ ಹೊಳೆಯಬೇಕು.

'ತೂಕದ ಸರಾಸರಿ' ಎಂದು ಬರೆಯಲು ಧೈರ್ಯವಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ತೂಕ ಅಂದರೆ ಕಬ್ಬಿನ ತೂಕ, ವೇಬ್ರಿಡ್ಜ್, ಅದರ ಸುತ್ತಲಿನ ಜಗಳ. 'ಭಾರಿತ ಸರಾಸರಿ' ಶಾಸ್ತ್ರಕ್ಕೆ ಸರಿ, ಕಿವಿಗೆ ಬೀಳುವಾಗ 'ಭಾರೀ ಸರಾಸರಿ' ಆಗುತ್ತದೆ. 'ಅವಧಿ ಸರಾಸರಿ' ಅಂದರೆ ಒಂದು ಅವಧಿಗೆ ತೆಗೆದ ಯಾವ ಸರಾಸರಿಯೂ ಆಗಬಹುದು, ಅಲ್ವಾ? 'ಹೊತ್ತು ಹಿಡಿದ ಸರಾಸರಿ' ನನಗೆ ಇಷ್ಟ. ಆದರೆ ಟೇಬಲ್‌ನ ತಲೆಬರಹದಲ್ಲಿ ಅದು ಹೇಗೆ ಕಾಣುತ್ತದೋ.

ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆಯ ಕಾರ್ಖಾನೆಗಳಲ್ಲಿ, ಬಳ್ಳಾರಿ ಕಡೆಯ ಉಕ್ಕಿನ ಘಟಕಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಲಾಗ್‌ಶೀಟ್ ಬರೆಯುವಾಗ ಈ ಸರಾಸರಿಗೆ ನೀವು ಏನನ್ನುತ್ತೀರಿ? ಉತ್ತರ ಕರ್ನಾಟಕದ ಕಡೆಯ ಮಾತಾದರೆ ಇನ್ನೂ ಒಳ್ಳೆಯದು, ಓದುವವರು ಹೆಚ್ಚಾಗಿ ಆ ಕಡೆಯವರೇ.