ಎದಿರ್ನೆಗೆ ಒಂದು ದಿನ ಸಾಕೇ? ಹೋಗಿ ಬಂದವರು ತಿಳಿಸಿ

ಪ್ರಶ್ನೆ: ಕಚೇರಿ ಕೆಲಸದ ಮೇಲೆ ಎರಡು ತಿಂಗಳು ಇಸ್ತಾಂಬುಲ್‌ನಲ್ಲಿದ್ದೇನೆ. ಮುಂದಿನ ವಾರ ಅಮ್ಮ ಬರುತ್ತಿದ್ದಾರೆ. ವಿಮಾನ ಹತ್ತಿ ಮಧ್ಯ ಟರ್ಕಿಯ ಕಪ್ಪಡೋಕ್ಯಕ್ಕೆ ಹೋಗುವ ಉತ್ಸಾಹ ಇಬ್ಬರಿಗೂ ಇಲ್ಲ. ಬಲ್ಗೇರಿಯಾ ಗಡಿಯ ಬಳಿಯ ಎದಿರ್ನೆಗೆ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದೇ? ಅಮ್ಮ ಸಸ್ಯಾಹಾರಿ, ಮಂಡಿನೋವು ಬೇರೆ.

ಮೊದಲ ಉತ್ತರ: ಸುಮಾರು 240 ಕಿಲೋಮೀಟರ್ ದೂರ, ಬಸ್ಸಿನಲ್ಲಿ ಮೂರು ಗಂಟೆ ಹಿಡಿಯಿರಿ. ಹೋಗಿ ಬರುವುದೇನೋ ಆಗುತ್ತದೆ. ಆದರೆ ಎದಿರ್ನೆಯ ಬಸ್ ನಿಲ್ದಾಣ ಊರಿನಿಂದ ಹೊರಗಿದೆ ಎಂಬುದು ನನಗೆ ಗೊತ್ತಿರಲಿಲ್ಲ; ಇಳಿದವನೇ ನಡೆಯಲು ಹೊರಟು ಬಿಸಿಲಿನಲ್ಲಿ ಬೆಂದೆ. ನೀವು ಊರಿನ ಒಳಗೆ ಹೋಗುವ ವ್ಯಾನು ಹಿಡಿಯಿರಿ.

1453ರಲ್ಲಿ ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್, ಕೈಗೆ ಬರುವವರೆಗೂ ಆಟೊಮನ್ನರ ರಾಜಧಾನಿ ಇದೇ. ಅದಕ್ಕೂ ಮುಂಚೆ ರೋಮನ್ ದೊರೆ ಹೇಡ್ರಿಯನ್‌ನ ಹೆಸರಿನ ಊರು, ಕ್ರಿ.ಶ. 378ರಲ್ಲಿ ವ್ಯಾಲೆನ್ಸ್ ಚಕ್ರವರ್ತಿ ಗಾತ್ ಜನರ ಕೈಯಲ್ಲಿ ಸೋತು ಸತ್ತದ್ದು ಇದರ ಬಳಿಯ ಬಯಲಿನಲ್ಲಿ. ಎಲ್ಲರೂ ನೋಡಲು ಹೋಗುವುದು ಸೆಲಿಮಿಯೆ ಮಸೀದಿಯನ್ನು. ಸುಲ್ತಾನ ಎರಡನೆಯ ಸೆಲೀಮನಿಗಾಗಿ ವಾಸ್ತುಶಿಲ್ಪಿ ಸಿನಾನ್ ಅದನ್ನು 1568ರಿಂದ 1575ರ ನಡುವೆ ಕಟ್ಟಿದ. ಆಗಲೇ ಎಂಬತ್ತರ ಆಸುಪಾಸಿನ ಮುದುಕ. ಸುಮಾರು 31 ಮೀಟರ್ ಅಗಲದ ಗುಮ್ಮಟವನ್ನು ಎಂಟು ಕಂಬಗಳ ಮೇಲೆ ಕೂರಿಸಿದ್ದಾನೆ. ಗುಮ್ಮಟದ ಕೆಳಗೆ ನಟ್ಟನಡುವೆ ಅಮೃತಶಿಲೆಯ ಸಣ್ಣ ಕಂಬಗಳ ಮೇಲೆ ಒಂದು ಅಟ್ಟಣಿಗೆ ಇದೆ. ಅದರ ಕಂಬವೊಂದರಲ್ಲಿ ತಲೆಕೆಳಗಾದ ಟ್ಯೂಲಿಪ್ ಹೂವನ್ನು ಕೆತ್ತಿದ್ದಾರೆ. ಮಸೀದಿಗೆ ಜಾಗ ಕೊಡುವುದಿಲ್ಲವೆಂದು ಹಟ ಹಿಡಿದ ಟ್ಯೂಲಿಪ್ ತೋಟದ ಒಡೆಯನ ನೆನಪಿಗಂತೆ. ಕಥೆಯ ಸತ್ಯ ಹೇಗೂ ಇರಲಿ, ಹೂವು ಅಂಗೈಗಿಂತ ಚಿಕ್ಕದು. ನಾನು ಹತ್ತು ನಿಮಿಷ ಹುಡುಕಿದೆ.

ಎರಡನೆಯ ಉತ್ತರ: ಅಟ್ಟಣಿಗೆ ಈಗ ಹಾಗೆ ಕಾಣುತ್ತದೆಂದು ನಂಬಿ ಹೋಗಬೇಡಿ. 2021ರಲ್ಲಿ ಜೀರ್ಣೋದ್ಧಾರ ಶುರುವಾಯಿತು. ನಾನು ಹೋದಾಗ ಗುಮ್ಮಟದ ತುಂಬ ಸಾರುವೆ ಕಟ್ಟಿದ್ದರು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ನಿರಾಸೆಯಾದರೆ ಹತ್ತಿರದಲ್ಲೇ ಎಸ್ಕಿ ಜಾಮಿ, ಅಂದರೆ ಹಳೆಯ ಮಸೀದಿ ಇದೆ, 1414ರಲ್ಲಿ ಮುಗಿದದ್ದು. ಗೋಡೆಗಳ ಮೇಲೆ ಆಳೆತ್ತರದ ಕಪ್ಪು ಅಕ್ಷರಗಳು. ಓದಲು ಬಾರದ ನಾನೇ ಅವುಗಳ ಎದುರು ನಿಂತುಬಿಟ್ಟೆ.

ಇನ್ನೊಂದು, ಇಲ್ಲಿನ ಹೆಸರಾಂತ ತಿಂಡಿ ಎಳೆಗರುವಿನ ಲಿವರ್. ಎಲೆಯಷ್ಟು ತೆಳುವಾಗಿ ಸೀಳಿ, ಹಿಟ್ಟಿನಲ್ಲಿ ಹೊರಳಿಸಿ ಕರಿದು, ಕರಿದ ಒಣಮೆಣಸಿನಕಾಯಿಯ ಜೊತೆ ಕೊಡುತ್ತಾರೆ. ಬೀದಿಗೆ ಬೀದಿಯೇ ಅದರ ಘಮ. ಅಮ್ಮನವರಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಬೇಳೆ ಸೂಪ್ ಎಲ್ಲೆಡೆ ಸಿಗುತ್ತದೆ, ಆದರೆ ಮಾಂಸದ ರಸ ಹಾಕಿದ್ದಾರೆಯೇ ಎಂದು ಕೇಳದೆ ಕುಡಿಯಬೇಡಿ. ಊರಿನ ಬಿಳಿ ಚೀಸು, ಬ್ರೆಡ್ಡು, ಟೊಮೆಟೊ ಇದ್ದರೆ ಊಟ ಸಾಗುತ್ತದೆ.

ಮೂರನೆಯ ಉತ್ತರ: ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿರಿ. ಸೆಲಿಮಿಯೆ ಮುಚ್ಚಿದ್ದರೂ ಸರಿ, ತುಂಜಾ ನದಿಯ ದಡದಲ್ಲಿರುವ ಸುಲ್ತಾನ ಎರಡನೆಯ ಬಾಯಜೀದನ ಆಸ್ಪತ್ರೆಯನ್ನು ತಪ್ಪಿಸಬೇಡಿ. 1488ರ ಕಟ್ಟಡ, ಈಗ ವಸ್ತುಸಂಗ್ರಹಾಲಯ. ಆರು ಮೂಲೆಯ ಹಜಾರ, ಮೇಲೆ ಗುಮ್ಮಟ, ನಡುವೆ ಕಾರಂಜಿ, ಸುತ್ತ ರೋಗಿಗಳ ಕೋಣೆಗಳು. ಮನೋರೋಗಿಗಳಿಗೆ ನೀರಿನ ಸದ್ದು, ಹೂವಿನ ಪರಿಮಳ, ಸಂಗೀತ ಇವೇ ಔಷಧ. ವಾರಕ್ಕೆ ಮೂರು ಸಲ ಗಾಯಕ ವಾದಕರು ಬರುತ್ತಿದ್ದರೆಂದು 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿಟ್ಟಿದ್ದಾನೆ. ಯುರೋಪಿನ ಹಲವೆಡೆ ಇಂಥವರನ್ನು ಸರಪಳಿಯಲ್ಲಿ ಕಟ್ಟುತ್ತಿದ್ದ ಕಾಲವದು. ನಾನು ಹೋದದ್ದು ಮಳೆಯ ದಿನ, ಹಜಾರದಲ್ಲಿ ಬೇರೆ ಯಾರೂ ಇರಲಿಲ್ಲ. ಮೆಲ್ಲಗೆ ಕೆಮ್ಮಿದೆ, ಆ ಕೆಮ್ಮು ಗುಮ್ಮಟವನ್ನೆಲ್ಲ ಸುತ್ತಿ ವಾಪಸು ಬಂತು. ಒಂದೇ ಮೂಲೆಯಲ್ಲಿ ಕೂತು ನುಡಿಸಿದರೂ ಎಲ್ಲ ಕೋಣೆಗಳಿಗೆ ಹೇಗೆ ಕೇಳುತ್ತಿತ್ತೆಂದು ಆಗ ಅರ್ಥವಾಯಿತು. ಮಂಡಿನೋವಿದ್ದರೆ ಟ್ಯಾಕ್ಸಿ ಮಾಡಿ, ಊರಿನ ನಡುಭಾಗದಿಂದ ಹೆಚ್ಚು ದೂರವಿಲ್ಲ.

ಇದಕ್ಕಾಗಿಯೇ ರಾತ್ರಿ ಉಳಿಯಿರಿ ಎನ್ನುತ್ತೇನೆ. ಸಂಜೆ ಮೆರಿಚ್ ನದಿಯ ಸೇತುವೆಯ ಬಳಿ ಚಹಾ ಕುಡಿದು, ದಾಟಿ ಕರಾಆಚ್‌ನ ಹಳೆಯ ರೈಲು ನಿಲ್ದಾಣಕ್ಕೆ ಹೋಗಿ. ಈಗ ಅದು ಲಲಿತಕಲೆಯ ಕಾಲೇಜು. ಈ ತುಂಡು ನೆಲವನ್ನು 1923ರ ಲೊಸಾನ್ ಒಪ್ಪಂದದಲ್ಲಿ ಗ್ರೀಸ್ ಯುದ್ಧ ಪರಿಹಾರವಾಗಿ ಟರ್ಕಿಗೆ ಬಿಟ್ಟುಕೊಟ್ಟಿತು.

ಪ್ರಶ್ನೆ ಕೇಳಿದವರು: ಎದಿರ್ನೆಯ ಎಣ್ಣೆ ಕುಸ್ತಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಮೊದಲ ಉತ್ತರ ಬರೆದವರು: ಕಿರ್ಕ್‌ಪಿನಾರ್ ಪಂದ್ಯ ಬೇಸಿಗೆಯಲ್ಲಿ, ಜೂನ್ ಕೊನೆ ಅಥವಾ ಜುಲೈ ಆರಂಭಕ್ಕೆ. ಆಗ ಕೋಣೆ ಸಿಗುವುದೇ ಕಷ್ಟ. ಚರ್ಮದ ಚಡ್ಡಿ ತೊಟ್ಟು, ಮೈತುಂಬ ಆಲಿವ್ ಎಣ್ಣೆ ಸುರಿದುಕೊಂಡು ಹುಲ್ಲಿನ ಮೇಲೆ ಸೆಣಸುತ್ತಾರೆ. ಮೂರು ವರ್ಷ ಸತತ ಗೆದ್ದವನಿಗೆ ಚಿನ್ನದ ಸೊಂಟಪಟ್ಟಿ ಸ್ವಂತ. ಅಲ್ಲಿನವರು ಜಟ್ಟಿಗೆ ಪೆಹ್ಲಿವಾನ್ ಎನ್ನುತ್ತಾರೆ. ನಮ್ಮ ಪೈಲ್ವಾನನೂ ಅದೇ ಪಾರಸಿ ಪದದಿಂದ ಬಂದವನು. ನಾನು ಗರಡಿ ಮನೆ ಇದ್ದ ಬೀದಿಯಲ್ಲಿ ಬೆಳೆದವನು. ಎಣ್ಣೆ ಹಚ್ಚಿದ ಮೇಲೆ ಹಿಡಿತ ಎಲ್ಲಿ ಸಿಗುತ್ತದೆ ಎಂಬುದೇ ನನ್ನ ತಲೆಗೆ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಅಜ್ಜ ತನ್ನ ಸೊಂಟ ತೋರಿಸಿದ. ಚಡ್ಡಿಯ ಒಳಗೆ ಕೈ ತೂರಿಸಿ ಹಿಡಿಯುವುದೇ ಪಟ್ಟು.

ಎರಡನೆಯ ಉತ್ತರ ಬರೆದವರು: ಅಮ್ಮನವರಿಗೆ ಬಾದಾಮಿಯ ಮಿಠಾಯಿ ಕೊಡಿಸಿ, ನಮ್ಮ ಬರ್ಫಿಗಿಂತ ಮೆತ್ತಗಿರುತ್ತದೆ. ಸೆಲಿಮಿಯೆಯ ಕೆಳಗಿನ ಅಂಗಡಿ ಸಾಲಿನಲ್ಲಿ ಸೇಬು, ದ್ರಾಕ್ಷಿ, ಪೀಚ್ ಹಣ್ಣುಗಳನ್ನು ಬುಟ್ಟಿಯಲ್ಲಿ ಜೋಡಿಸಿಟ್ಟಿರುತ್ತಾರೆ. ಅವು ಸಾಬೂನು. ನನ್ನ ಮಗ ಒಂದನ್ನು ಕಚ್ಚಿಯೇಬಿಟ್ಟ, ಹಣ ಕೊಟ್ಟು ತರಬೇಕಾಯಿತು.