ಅಪ್‌ಡೇಟ್: ಉಳುಕಿದ ಕಾಲಿಗೆ ಐಸೋ, ಉಪ್ಪಿನ ಶಾಖವೋ?

10 ದಿನದ ಹಿಂದೆ ಕೇಳಿದ್ದು ನಾನೇ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಿಂದ ಇಳಿಯುವಾಗ ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಕಾಲು ಹೊರಳಿ, ಪಾದದ ಕೀಲು ಊದಿಕೊಂಡಿತ್ತು. ಅವ್ವ ಬಿಸಿ ಉಪ್ಪಿನ ಗಂಟು ಕಟ್ಟಿಕೊಂಡು ನಿಂತಿದ್ದಳು. ನೀವೆಲ್ಲ ಐಸ್ ಅಂದಿದ್ದಿರಿ.

ತಪ್ಪು ಒಪ್ಪಿಕೊಳ್ಳುತ್ತೇನೆ. ನಿಮ್ಮ ಉತ್ತರ ಓದುವ ಮೊದಲೇ ಒಂದು ಸಲ ಶಾಖ ತೆಗೆದುಕೊಂಡಿದ್ದೆ. ಆಗ ಹಾಯ್ ಅನ್ನಿಸಿತು. ರಾತ್ರಿಗೆ ಊತ ಜಾಸ್ತಿಯಾಗಿ ಚಪ್ಪಲಿಯೇ ಹಿಡಿಸಲಿಲ್ಲ! ಹೊಸ ಪೆಟ್ಟಿಗೆ ಬಿಸಿ ಕೊಟ್ಟರೆ ಅಲ್ಲಿಗೆ ರಕ್ತ ಹೆಚ್ಚು ಹರಿದು ಊತ ಏರಬಹುದು ಎಂದು ಆಮೇಲೆ ಡಾಕ್ಟರ್ ಹೇಳಿದರು. ಕಾಲೂರಿ ನಾಲ್ಕು ಹೆಜ್ಜೆ ಇಡಲು ಆಗುತ್ತಿರಲಿಲ್ಲ, ಅದಕ್ಕೇ ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿರಲಿಲ್ಲ, ಪುಣ್ಯ.

ಮುಂದಿನ 2 ದಿನ ಐಸ್. ಟವೆಲ್‌ನಲ್ಲಿ ಸುತ್ತಿ 15 ನಿಮಿಷ, 2-3 ತಾಸಿಗೊಮ್ಮೆ. ನೇರ ಚರ್ಮಕ್ಕೆ ಇಟ್ಟರೆ ಅದೂ ಸುಡುತ್ತದಂತೆ. ಜೊತೆಗೆ ಕ್ರೇಪ್ ಬ್ಯಾಂಡೇಜ್, ಕಾಲು ದಿಂಬಿನ ಮೇಲೆ. ನಮ್ಮ ಕರೆಂಟಿನ ಕಥೆ ಗೊತ್ತಲ್ವಾ, ಫ್ರಿಜ್ಜಿನ ಐಸ್ ಕರಗಿದಾಗ ಮಡಕೆಯ ತಣ್ಣೀರಲ್ಲಿ ಬಟ್ಟೆ ಅದ್ದಿ ಸುತ್ತಿಕೊಂಡೆ. ಐಸಿನಷ್ಟು ಅಲ್ಲ, ಆದರೂ ಉರಿ ಇಳಿಯಿತು.

5ನೇ ದಿನಕ್ಕೆ ಊತ ಹೋಗಿ ಬರೀ ಬಿಗಿತ ಉಳಿಯಿತು. ಆಗ ಅವ್ವನ ಉಪ್ಪಿನ ಗಂಟು ಕೆಲಸಕ್ಕೆ ಬಂತು. ಶಾಖ ಕೊಟ್ಟು ಪಾದ ತಿರುಗಿಸಿದರೆ ಸಲೀಸು.

ಈಗ ನಡೆಯುತ್ತಿದ್ದೇನೆ, ಮೆಟ್ಟಿಲಿಳಿಯುವಾಗ ಸ್ವಲ್ಪ ನೋವಿದೆ. ಅವ್ವ ಮಾತ್ರ "ಕಡೀಕ ನನ್ನ ಉಪ್ಪ ಬೇಕಾತಿಲ್ಲೋ" ಅಂತ ದಿನಾ ಕೇಳುತ್ತಾಳೆ.